ವಾಪಸು ಬಂದ ಲಕೋಟೆಗಳ ಬೆನ್ನು ಹತ್ತಿ ಕೊಂಡ ಮನೆ

ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಮನೆ ಮಾರುವಿರಾ ಎಂದು ಕೇಳಿ ನಾನು ಮಾಲೀಕರಿಗೆ ಕಳುಹಿಸಿದ ಪತ್ರಗಳಲ್ಲಿ ವಿಳಾಸದಾರರು ಸಿಗದೆ ಮರಳಿ ಬಂದವು ಅದರಲ್ಲಿರುತ್ತವೆ. ಪ್ರತಿಯೊಂದರ ಮೇಲೂ ಅಂಚೆ ಇಲಾಖೆಯ ಹಳದಿ ಚೀಟಿ ಅಂಟಿರುತ್ತದೆ. ಕೆಲವದರ ಮೇಲೆ ‘ವೇಕೆಂಟ್’ ಎಂದು ಅಚ್ಚಾಗಿರುತ್ತದೆ. ಆ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಅಂಚೆಯವರೇ ಸಾಕ್ಷಿ ಹೇಳಿದ ಹಾಗೆ. ಪತ್ರ ಬರೆದು ಮನೆ ಹುಡುಕುವವರಲ್ಲಿ ನಾನು ಬಲ್ಲ ಹೆಚ್ಚಿನವರು ಇಂಥ ಲಕೋಟೆಗಳನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ನಾನು ಇದುವರೆಗೆ ಕೊಂಡಿರುವ ಮೂರು ಮನೆಗಳಲ್ಲಿ ಎರಡು ಸಿಕ್ಕಿದ್ದು ಈ ಪೆಟ್ಟಿಗೆಯಿಂದಲೇ.

ಊರಿನಲ್ಲಿರುವ ಓದುಗರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಮನೆ ಮಾರಾಟದ ಸುದ್ದಿ ತರುವವರು ದಲ್ಲಾಳಿಗಳು, ಇಲ್ಲವೇ ನೆಂಟರು. ಒಂದು ಮನೆ ಯಾರ ಹೆಸರಿನಲ್ಲಿದೆ ಎಂದು ತಿಳಿಯಬೇಕಾದರೆ ಸಾಮಾನ್ಯವಾಗಿ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಇಲ್ಲಿ ಹಾಗಲ್ಲ. ಕೊಲಂಬಸ್ ಇರುವ ಫ್ರಾಂಕ್ಲಿನ್ ಕೌಂಟಿಯ ಆಡಿಟರ್ ಕಚೇರಿಯ ಜಾಲತಾಣದಲ್ಲಿ ಮನೆ ಸಂಖ್ಯೆ ಹಾಕಿದರೆ ಸಾಕು, ಮಾಲೀಕರ ಹೆಸರು, ಮನೆ ಕಟ್ಟಿದ ವರ್ಷ, ಹಿಂದಿನ ಮಾರಾಟದ ಬೆಲೆ, ತೆರಿಗೆ ಬಿಲ್ ಯಾವ ವಿಳಾಸಕ್ಕೆ ಹೋಗುತ್ತದೆ ಎಂಬುದೂ ಸೇರಿ ಎಲ್ಲವೂ ಉಚಿತವಾಗಿ ಕಾಣುತ್ತದೆ. ಮಾರಾಟದ ಫಲಕ ಹಾಕದ, ಏಜೆಂಟರ ಕೈಗೆ ಹೋಗದ ಮನೆಯ ಮಾಲೀಕರಿಗೆ ಈ ಮಾಹಿತಿ ಹಿಡಿದು ನೇರವಾಗಿ ಕಾಗದ ಬರೆಯುವುದೇ ನನ್ನ ದಾರಿ.

ಗ್ರೀನ್ ಕಾರ್ಡ್ ಬಂದ ಮೇಲೆ, 2021ರ ಶರತ್ಕಾಲದಲ್ಲಿ, ಸಾಫ್ಟ್‌ವೇರ್ ಕೆಲಸದ ಜೊತೆಗೇ ಇದನ್ನು ಆರಂಭಿಸಿದೆ. ಮೊದಲ ಸಲ ತಪ್ಪು ದಾರಿ ಹಿಡಿದೆ. ಸಾವಿರ ಹೆಸರುಗಳ ಪಟ್ಟಿಯೊಂದನ್ನು ದುಡ್ಡು ಕೊಟ್ಟು ತರಿಸಿ, ಹೊಳೆಯುವ ಪೋಸ್ಟ್‌ಕಾರ್ಡ್‌ಗಳನ್ನು ಅಚ್ಚು ಹಾಕಿಸಿ ಒಂದೇ ದಿನ ಕಳುಹಿಸಿಬಿಟ್ಟೆ. ಬಂದ ಕರೆಗಳಲ್ಲಿ ಮುಕ್ಕಾಲು ಪಾಲು ‘ನನ್ನ ಹೆಸರು ತೆಗೆದುಹಾಕಿ’ ಎನ್ನುವವರವು. ಅವುಗಳಲ್ಲಿ ಒಂದನ್ನು ನಾನು ಮರೆಯಲಾರೆ. ‘ನೀವು ಕಾರ್ಡ್ ಬರೆದಿರುವುದು ನನ್ನ ತಂದೆಗೆ. ಅವರು ಮಾರ್ಚ್‌ನಲ್ಲಿ ತೀರಿಕೊಂಡರು. ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದಾರೆ’ ಎಂದರು ಆ ಹೆಣ್ಣುಮಗಳು. ಕ್ಷಮೆ ಕೇಳಿ ಹೆಸರು ಅಳಿಸಿದೆ. ಇನ್ನು ಮುಂದೆ ಪಟ್ಟಿ ಕೊಳ್ಳುವುದಿಲ್ಲ, ಒಂದೊಂದು ಹೆಸರನ್ನೂ ನಾನೇ ನೋಡಿ ಬರೆಯುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ಈಗ ಪಟ್ಟಿ ಮಾಡುವುದು ಹೀಗೆ. ತೆರಿಗೆ ಬಿಲ್ ಬೇರೆ ವಿಳಾಸಕ್ಕೆ ಹೋಗುತ್ತಿದೆಯೇ ಎಂದು ನೋಡುತ್ತೇನೆ. ಸ್ವಂತ ವಾಸದ ಮನೆಗೆ ಓಹಾಯೊದಲ್ಲಿ ಸಿಗುವ ತೆರಿಗೆ ರಿಯಾಯಿತಿ ಆ ಮನೆಗೆ ಇರಬಾರದು. ಎರಡೂ ಕೂಡಿ ಬಂದರೆ ಮಾಲೀಕರು ಅಲ್ಲಿ ವಾಸವಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ಕೈಯಲ್ಲೇ ಇದ್ದರೆ, ಒಂದೆರಡು ಕಂತಿನ ತೆರಿಗೆ ಬಾಕಿ ಇದ್ದರೆ, ಹೆಸರು ಮೇಲಕ್ಕೆ ಬರುತ್ತದೆ. 65 ದಾಟಿದವರಿಗೆ ಸಿಗುವ ‘ಹೋಮ್‌ಸ್ಟೆಡ್’ ಎಂಬ ತೆರಿಗೆ ವಿನಾಯಿತಿಯೂ ಅದೇ ಜಾಲತಾಣದಲ್ಲಿ ಕಾಣುತ್ತದೆ. ಅದನ್ನು ಹಿಡಿದು ವಯಸ್ಸಾದವರನ್ನು ಹೆಕ್ಕುವವರಿದ್ದಾರೆ. ನಾನು ಅದನ್ನು ಮುಟ್ಟುವುದಿಲ್ಲ. ಮಾಲೀಕರು ತೀರಿಕೊಂಡಿದ್ದರೆ, ಪ್ರೊಬೇಟ್ ನ್ಯಾಯಾಲಯ ಆಸ್ತಿಯ ಹೊಣೆಯನ್ನು ಒಬ್ಬರಿಗೆ ವಹಿಸಿ ಕೆಲವು ತಿಂಗಳು ಕಳೆದ ಮೇಲೆ, ಅವರ ಹೆಸರಿಗೇ ಬರೆಯುತ್ತೇನೆ.

ಪತ್ರ ಒಂದೇ ಪುಟ. ‘ಇಂಥ ಬೀದಿಯ ಇಂಥ ಸಂಖ್ಯೆಯ ಮನೆ ನಿಮ್ಮದೆಂದು ಕೌಂಟಿಯ ದಾಖಲೆಯಲ್ಲಿ ನೋಡಿದೆ. ನಾನು ಇದೇ ಊರಿನವನು. ಮನೆ ಕೊಂಡು ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತೇನೆ. ನಿಮಗೆ ಮಾರುವ ಯೋಚನೆ ಇದ್ದರೆ ಮಾತನಾಡೋಣ. ಇಲ್ಲದಿದ್ದರೆ ತೊಂದರೆಗೆ ಕ್ಷಮಿಸಿ. ಮತ್ತೆ ಬರೆಯುವುದು ಬೇಡವೆಂದರೆ ಒಂದು ಸಾಲು ತಿಳಿಸಿ.’ ಕೆಳಗೆ ನನ್ನ ಪೂರ್ತಿ ಹೆಸರು, ಸಹಿ, ನಾನೇ ಎತ್ತುವ ಫೋನ್ ಸಂಖ್ಯೆ. ಕೈಬರಹದಂತೆ ಕಾಣುವ ಅಚ್ಚಿನ ಅಕ್ಷರವನ್ನು ಒಮ್ಮೆ ಬಳಸಿದ್ದೆ. ಮನೆ ಮಾರಲು ಬಂದವರನ್ನು ಮೊದಲ ಹೆಜ್ಜೆಯಲ್ಲೇ ವಂಚಿಸಿದಂತಾಗುತ್ತದೆ ಎನಿಸಿ ಬಿಟ್ಟೆ. ಈಗ ವಿಳಾಸವನ್ನು ನಿಜವಾಗಿಯೂ ಕೈಯಲ್ಲೇ ಬರೆಯುತ್ತೇನೆ.

ಅಂಚೆಯಲ್ಲಿ ಜಿಪುಣತನ ಮಾಡಬಾರದು. ಸಗಟು ದರದಲ್ಲಿ ಕಳುಹಿಸಿದ ಪತ್ರ ತಲುಪದಿದ್ದರೆ, ಅದಕ್ಕೆಂದೇ ಬೇರೆ ಏರ್ಪಾಡು ಮಾಡಿಕೊಳ್ಳದ ಹೊರತು, ಅಲ್ಲಿಗೇ ಮಾಯವಾಗುತ್ತದೆ. ಪ್ರಥಮ ದರ್ಜೆಯ ಅಂಚೆಚೀಟಿ ಹಚ್ಚಿದರೆ, ಮಾಲೀಕರು ವಿಳಾಸ ಬದಲಾವಣೆ ಬರೆದುಕೊಟ್ಟು ಹೋಗಿದ್ದಲ್ಲಿ ಒಂದು ವರ್ಷದವರೆಗೆ ಹೊಸ ಮನೆಗೇ ತಲುಪಿಸುತ್ತಾರೆ. ಯಾವುದೂ ಆಗದಿದ್ದರೆ ಪುಕ್ಕಟೆಯಾಗಿ ನಮಗೇ ಮರಳಿಸುತ್ತಾರೆ. ನಾನು ಆರಂಭಿಸಿದಾಗ 58 ಸೆಂಟ್ ಇದ್ದ ಚೀಟಿ 2025ರ ಜುಲೈಯಲ್ಲಿ 78 ಸೆಂಟ್ ಆಯಿತು. ಆದ್ದರಿಂದ ವಾರಕ್ಕೆ ನಲವತ್ತಕ್ಕಿಂತ ಹೆಚ್ಚು ಕಳುಹಿಸುವುದಿಲ್ಲ. ಒಂದು ವಿಳಾಸಕ್ಕೆ ಎರಡೆರಡು ತಿಂಗಳ ಅಂತರದಲ್ಲಿ ಮೂರು ಸಲ. ಮಾತಿಗೆ ಕುಳಿತವರಲ್ಲಿ ಬಹುಪಾಲು ಮಂದಿ ಎರಡನೆಯ ಅಥವಾ ಮೂರನೆಯ ಪತ್ರಕ್ಕೆ ಉತ್ತರಿಸಿದವರು.

ಮಾತು ಮುಗಿದು ಸಹಿಯಾದ ಮೇಲೂ ವ್ಯವಹಾರ ಕೈತಪ್ಪಬಹುದು. ನನ್ನ ಮೊದಲ ಕರಾರು ಹಾಗೆಯೇ ಬಿದ್ದುಹೋಯಿತು. ಮನೆ ಗಂಡನೊಬ್ಬನ ಹೆಸರಿನಲ್ಲಿತ್ತು, ಅವನೊಬ್ಬನೇ ಸಹಿ ಮಾಡಿದ. ಓಹಾಯೊದಲ್ಲಿ ‘ಡವರ್’ ಎಂಬ ಹಳೆಯ ಹಕ್ಕು ಇನ್ನೂ ಜಾರಿಯಲ್ಲಿದೆ. ಕಾಗದದಲ್ಲಿ ಹೆಸರಿಲ್ಲದಿದ್ದರೂ ಆಸ್ತಿಯ ಮೂರನೆಯ ಒಂದು ಭಾಗದಲ್ಲಿ ಸಂಗಾತಿಗೆ ಜೀವಿತಾವಧಿಯ ಹಕ್ಕು ಇರುತ್ತದೆ. ಅವರು ಸಹಿ ಹಾಕಿ ಬಿಟ್ಟುಕೊಡದೆ ಸ್ವಚ್ಛ ಕ್ರಯಪತ್ರ ಆಗುವುದಿಲ್ಲ. ಹೆಂಡತಿ ಆರು ವರ್ಷಗಳಿಂದ ಬೇರೆ ಇದ್ದರು, ವಿಚ್ಛೇದನ ಆಗಿರಲಿಲ್ಲ. ಅವರು ಒಪ್ಪಲಿಲ್ಲ, ಒಪ್ಪಬೇಕಾದ ಕಾರಣವೂ ಅವರಿಗಿರಲಿಲ್ಲ. ಪರಿಶೀಲನೆಗೆ ಖರ್ಚು ಮಾಡಿದ್ದ ಹಣ ಹೋಯಿತು. ಈಗ ಫೋನಿನಲ್ಲಿ ನಾನು ಕೇಳುವ ಎರಡನೆಯ ಪ್ರಶ್ನೆಯೇ ‘ನಿಮಗೆ ಮದುವೆಯಾಗಿದೆಯೇ’ ಎಂಬುದು. ಏಕೆ ಕೇಳುತ್ತಿದ್ದೇನೆ ಎಂಬುದನ್ನೂ ಜೊತೆಯಲ್ಲೇ ಹೇಳುತ್ತೇನೆ.

ಇನ್ನು ಪೆಟ್ಟಿಗೆಯ ವಿಷಯ. ಕೊಲಂಬಸ್‌ಗೆ ಪೂರ್ವದಲ್ಲಿ ಅಂಟಿಕೊಂಡಿರುವ ವೈಟ್‌ಹಾಲ್‌ನಲ್ಲಿ 1954ರಲ್ಲಿ ಕಟ್ಟಿದ ಮೂರು ಮಲಗುವ ಕೋಣೆಯ ಮನೆಯೊಂದಿತ್ತು. ವಾಸದ ರಿಯಾಯಿತಿ ರದ್ದಾಗಿತ್ತು, ತೆರಿಗೆ ಬಿಲ್ ಮಾತ್ರ ಅದೇ ವಿಳಾಸಕ್ಕೆ ಹೋಗುತ್ತಿತ್ತು. ಅಲ್ಲಿಗೆ ಬರೆದ ಪತ್ರ ‘ವೇಕೆಂಟ್’ ಚೀಟಿ ಹೊತ್ತು ಮರಳಿತು. ಶನಿವಾರ ಹೋಗಿ ನೋಡಿದೆ. ಸೂರಿನ ನೀರುದೋಣಿಯಲ್ಲಿ ಮೇಪಲ್ ಬೀಜಗಳು ಮೊಳೆತು ಗೇಣುದ್ದ ಗಿಡಗಳಾಗಿದ್ದವು. ಕಿಟಕಿಯ ಒಳಗೆ ಗೋಡೆಯ ಕ್ಯಾಲೆಂಡರ್ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ನಿಂತಿತ್ತು. ಅಂಗಳದ ಹುಲ್ಲನ್ನು ಮಾತ್ರ ಯಾರೋ ಅಚ್ಚುಕಟ್ಟಾಗಿ ಕತ್ತರಿಸಿದ್ದರು.

ಹುಲ್ಲು ಕತ್ತರಿಸುತ್ತಿದ್ದವರು ಎದುರುಮನೆಯ ಹಿರಿಯ ಹೆಂಗಸು. ಮಾಲೀಕರು ಸೊಂಟದ ಮೂಳೆ ಮುರಿದುಕೊಂಡು ಡೇಟನ್‌ನಲ್ಲಿರುವ ಮಗನ ಮನೆ ಸೇರಿದ್ದಾರೆ ಎಂದು ಅವರಿಂದ ತಿಳಿಯಿತು. ನಾನು ವಿಳಾಸ ಕೇಳಲಿಲ್ಲ. ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆಯೊಳಗೆ ನನ್ನ ಪತ್ರ ಇಟ್ಟು, ‘ವಿಳಾಸ ನೀವೇ ಬರೆದು ಡಬ್ಬಿಗೆ ಹಾಕಿ. ಬೇಡವೆನಿಸಿದರೆ ಹರಿದುಹಾಕಿ’ ಎಂದು ಅವರ ಕೈಗೆ ಕೊಟ್ಟು ಬಂದೆ. ಅವರು ಲಕೋಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿ ಒಳಗೆ ಒಯ್ದರು.

ಐದು ವಾರಗಳ ನಂತರ ಮಾಲೀಕರೇ ಕರೆ ಮಾಡಿದರು. ಡೇಟನ್‌ಗೆ ಹೋಗಿ, ಮಗನ ಎದುರಿಗೇ ಲೆಕ್ಕ ಬರೆದು ತೋರಿಸಿದೆ. ದುರಸ್ತಿಯಾದರೆ ಆ ಬೀದಿಯಲ್ಲಿ ಅಂಥ ಮನೆಗೆ ಸುಮಾರು 1,90,000 ಡಾಲರ್. ಚಾವಣಿ, ಮನೆ ಬೆಚ್ಚಗಿಡುವ ಫರ್ನೇಸ್, ಬೇರು ಹೊಕ್ಕಿದ್ದ ಮಣ್ಣಿನ ಒಳಚರಂಡಿ ಕೊಳವೆ, ಎಲ್ಲ ಸೇರಿ 42,000. ಕಾಗದಪತ್ರ, ಬಡ್ಡಿ, ವಿಮೆ ಮತ್ತು ನನ್ನ ಲಾಭಕ್ಕೆ 30,000. ಉಳಿಯುವುದು 1,18,000. ‘ಏಜೆಂಟರ ಮೂಲಕ ಹೋದರೆ ನಿಮಗೆ ಇದಕ್ಕಿಂತ ಹೆಚ್ಚು ಸಿಗಬಹುದು, ಒಬ್ಬರನ್ನು ಕರೆಸಿ ಕೇಳಿ ನೋಡಿ’ ಎಂದೂ ಹೇಳಿದೆ. ಅವರು ಕೇಳಿಯೂ ನೋಡಿದರು. ಹತ್ತು ದಿನದ ಮೇಲೆ ಮಗ ಫೋನ್ ಮಾಡಿ 1,22,000 ಎಂದರು. ಮನೆಯೊಳಗಿನ ಸಾಮಾನನ್ನು ತೆರವು ಮಾಡುವ ಕೆಲಸ ಅವರಿಗೆ ಬೇಡವಾಗಿತ್ತು, ಅದನ್ನು ನಾನು ವಹಿಸಿಕೊಂಡೆ. ಫೋಟೊಗಳು, ಹೊಲಿಗೆ ಯಂತ್ರ ಮತ್ತು ಒಂದು ಪೆಟ್ಟಿಗೆ ಪತ್ರಗಳನ್ನು ಬೇರೆ ಮಾಡಿ ಡೇಟನ್‌ಗೆ ತಲುಪಿಸಿದೆ. ಮಾಲೀಕರ ಹೆಂಡತಿ ತೀರಿಕೊಂಡಿದ್ದರಿಂದ ಡವರ್ ಹಕ್ಕಿನ ತೊಡಕಿರಲಿಲ್ಲ.

ಈಗ ಆ ಮನೆಯಲ್ಲಿ ಬಾಡಿಗೆಗೆ ಒಂದು ಕುಟುಂಬ ಇದೆ. ಹುಲ್ಲನ್ನು ಅವರೇ ಕತ್ತರಿಸುತ್ತಾರೆ. ಕಳೆದ ತಿಂಗಳು ಎದುರುಮನೆಯವರು ಕರೆ ಮಾಡಿ, ಅದೇ ಬೀದಿಯ ಕೊನೆಯಲ್ಲಿ ಇನ್ನೊಂದು ಮನೆಗೆ ಚಳಿಗಾಲದಿಂದ ಬೀಗ ಬಿದ್ದಿದೆ, ಆ ಮನೆಯವರ ಮಗಳು ಎಲ್ಲಿದ್ದಾಳೆಂದು ತಮಗೆ ಗೊತ್ತು ಎಂದರು. ಮರುದಿನವೇ ಚೀಟಿ ಹಚ್ಚಿದ ಲಕೋಟೆಯೊಂದನ್ನು ಅವರಿಗೆ ಕಳುಹಿಸಿದ್ದೇನೆ, ವಿಳಾಸದ ಜಾಗ ಖಾಲಿ ಬಿಟ್ಟು.