ಲಾಗ್ ಫೈಲ್ ಡಿಸ್ಕ್ ನುಂಗುವ ಮೊದಲು

ಡೇಟಾಬೇಸ್‌ನಲ್ಲಿರುವ ಮಾಹಿತಿ 4 ಜಿಬಿ, ಅದರ ಲಾಗ್ ಫೈಲ್ 60 ಜಿಬಿ! ಬಿಲ್ಲಿಂಗ್‌ಗೋ ದಾಸ್ತಾನು ಲೆಕ್ಕಕ್ಕೋ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಬಳಸುವ ಸಣ್ಣ ಕಚೇರಿಗಳಲ್ಲಿ ಇದು ಅಪರೂಪವೇನಲ್ಲ. ಒಂದು ದಿನ ಡಿಸ್ಕ್ ತುಂಬಿ, 9002 ಎಂಬ ದೋಷಸಂಖ್ಯೆ ಕಾಣಿಸಿಕೊಂಡು, ಹೊಸ ಬಿಲ್ ಹಾಕುವುದೇ ನಿಂತುಹೋಗುತ್ತದೆ. ಆಗ ಎಲ್ಲರಿಗೂ ನೆನಪಾಗುವುದು ‘ಶ್ರಿಂಕ್’, ಅಂದರೆ ಫೈಲನ್ನು ಕುಗ್ಗಿಸುವುದು. ಅದು ಕಡೆಗೆ ಮಾಡಬೇಕಾದ ಕೆಲಸ.

ಎಲ್‌ಡಿಎಫ್ ಎಂದು ಕೊನೆಗೊಳ್ಳುವ ಆ ಫೈಲನ್ನು ಅಳಿಸುವ ಯೋಚನೆಯಂತೂ ಬೇಡವೇ ಬೇಡ. ಪ್ರತಿ ಬದಲಾವಣೆಯೂ ಮೊದಲು ಅಲ್ಲಿ ದಾಖಲಾಗಿ, ಆಮೇಲೆ ಡೇಟಾ ಫೈಲಿಗೆ ಇಳಿಯುತ್ತದೆ. ನಡುವೆ ಕರೆಂಟ್ ಹೋದರೆ ಡೇಟಾಬೇಸ್ ತನ್ನನ್ನು ಸರಿಪಡಿಸಿಕೊಳ್ಳುವುದು ಅದನ್ನು ಓದಿಯೇ.

1. ಎಷ್ಟು ತುಂಬಿದೆ ನೋಡಿ
‘ಡಿಬಿಸಿಸಿ ಎಸ್‌ಕ್ಯೂಎಲ್‌ಪರ್ಫ್ (ಲಾಗ್‌ಸ್ಪೇಸ್)’ ಆದೇಶ ಕೊಟ್ಟರೆ ಪ್ರತಿ ಡೇಟಾಬೇಸ್‌ನ ಲಾಗ್ ಗಾತ್ರವೂ ಅದರಲ್ಲಿ ಶೇಕಡಾ ಎಷ್ಟು ಬಳಕೆಯಲ್ಲಿದೆ ಎಂಬುದೂ ತಿಳಿಯುತ್ತದೆ. ಭತ್ತ ಖಾಲಿಯಾದರೂ ಕಣಜ ಕುಗ್ಗುವುದಿಲ್ಲವಲ್ಲ, ಹಾಗೆಯೇ ಫೈಲ್ ದೊಡ್ಡದಿದ್ದೂ ಒಳಗೆ ಬಹುಪಾಲು ಖಾಲಿ ಇರಬಹುದು.

2. ಖಾಲಿಯಾಗದಂತೆ ತಡೆದಿರುವುದೇನು?
‘ಸಿಸ್ ಡೇಟಾಬೇಸಸ್’ ಪಟ್ಟಿಯಲ್ಲಿ ‘ಲಾಗ್ ರಿಯೂಸ್ ವೇಟ್ ಡೆಸ್ಕ್’ ಎಂಬ ಕಾಲಂ ಇದೆ. ಕಾರಣವನ್ನು ಅದೇ ಹೇಳಿಬಿಡುತ್ತದೆ. ‘ಆಕ್ಟಿವ್ ಟ್ರಾನ್ಸಾಕ್ಷನ್’ ಎಂದಿದ್ದರೆ ಯಾರೋ ಶುರು ಮಾಡಿದ ವಹಿವಾಟು ಇನ್ನೂ ಮುಗಿದಿಲ್ಲ. ‘ಡಿಬಿಸಿಸಿ ಓಪನ್‌ಟ್ರಾನ್’ ಅದನ್ನು ಹುಡುಕಿಕೊಡುತ್ತದೆ. ಆದರೆ ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಉತ್ತರ ‘ಲಾಗ್ ಬ್ಯಾಕಪ್’, ಅಂದರೆ ಲಾಗ್ ತನ್ನ ಬ್ಯಾಕಪ್‌ಗಾಗಿ ಕಾಯುತ್ತಿದೆ.

3. ಲಾಗ್‌ನ ಬ್ಯಾಕಪ್ ತೆಗೆಯಿರಿ
ಎಡವುವುದು ಇಲ್ಲಿಯೇ. ರಾತ್ರಿ ತಪ್ಪದೆ ಪೂರ್ತಿ ಬ್ಯಾಕಪ್ ಆಗುತ್ತಿದೆ, ಮತ್ತೇಕೆ ಲಾಗ್ ಬೆಳೆಯುತ್ತಿದೆ ಎಂದು ಕೇಳುವವರೇ ಹೆಚ್ಚು. ಲಾಗನ್ನು ಎಲ್ಲಿಯವರೆಗೆ ಉಳಿಸಿಕೊಳ್ಳಬೇಕೆಂದು ತೀರ್ಮಾನಿಸುವುದು ಡೇಟಾಬೇಸ್‌ನ ‘ರಿಕವರಿ ಮಾದರಿ’ ಎಂಬ ಹೊಂದಿಕೆ. ಅದು ‘ಫುಲ್’ ಎಂದಿದ್ದರೆ ಡೇಟಾಬೇಸ್‌ನ ಪೂರ್ತಿ ಬ್ಯಾಕಪ್ ಲಾಗನ್ನು ಖಾಲಿ ಮಾಡುವುದಿಲ್ಲ. ಲಾಗ್‌ನದೇ ಪ್ರತ್ಯೇಕ ಬ್ಯಾಕಪ್ ಬೇಕು. ಕೆಲಸದ ವೇಳೆಯಲ್ಲಿ ಹದಿನೈದು ನಿಮಿಷಕ್ಕೋ ಗಂಟೆಗೋ ಒಮ್ಮೆ ಅದು ತಾನಾಗಿ ನಡೆಯುವಂತೆ ಮಾಡಿ, ಬೇರೆ ಡಿಸ್ಕಿನಲ್ಲಿ ಇಡಿ. ಉಚಿತವಾದ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಇದಕ್ಕೆ ಬೇಕಾದ ‘ಏಜೆಂಟ್’ ಇರುವುದಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಆ ಕೆಲಸಕ್ಕೆ ಸಾಕು.

ಇಷ್ಟೆಲ್ಲ ರಗಳೆ ಬೇಡವೆಂದರೆ ‘ಸಿಂಪಲ್’ ಮಾದರಿಗೆ ಬದಲಾಯಿಸಬಹುದು. ಆಗ ಲಾಗ್ ತಾನೇ ಖಾಲಿಯಾಗುತ್ತಿರುತ್ತದೆ. ಆದರೆ ಸಂಜೆ ಐದಕ್ಕೆ ಡಿಸ್ಕ್ ಕೆಟ್ಟರೆ ಕೈಗೆ ಸಿಗುವುದು ಹಿಂದಿನ ರಾತ್ರಿಯ ಲೆಕ್ಕ ಮಾತ್ರ. ಪರೀಕ್ಷೆಗೆಂದು ಇಟ್ಟ ಡೇಟಾಬೇಸ್‌ಗೆ ಇದು ಸರಿ. ಹಣಕಾಸಿನ ಲೆಕ್ಕಕ್ಕೆ ನಾನಂತೂ ಒಪ್ಪುವುದಿಲ್ಲ.

4. ಈಗ ಶ್ರಿಂಕ್, ಒಂದೇ ಸಲ
‘ಡಿಬಿಸಿಸಿ ಶ್ರಿಂಕ್‌ಫೈಲ್’ ಆದೇಶದಲ್ಲಿ ಲಾಗ್ ಫೈಲಿನ ಹೆಸರು ಮತ್ತು ಬೇಕಾದ ಗಾತ್ರವನ್ನು ಎಂಬಿಯಲ್ಲಿ ಕೊಡಿ. ತೀರಾ ಕಿರಿದು ಮಾಡಬೇಡಿ. ಇಂಡೆಕ್ಸ್ (ಮಾಹಿತಿ ಬೇಗ ಹುಡುಕಲು ಇರುವ ಸೂಚಿ) ಮರುನಿರ್ಮಾಣದಂತಹ ಭಾರದ ಕೆಲಸಕ್ಕೆ ಜಾಗ ಬೇಕಾದಾಗ ಅದು ಮತ್ತೆ ಬೆಳೆಯುತ್ತದೆ, ಬೆಳೆಯುವಷ್ಟು ಹೊತ್ತು ಕೆಲಸ ಕಾಯುತ್ತದೆ. ಮೊದಲ ಯತ್ನಕ್ಕೆ ಫೈಲ್ ಕುಗ್ಗದಿದ್ದರೆ ಗಾಬರಿ ಬೇಡ, ಬಳಕೆಯಲ್ಲಿರುವ ಭಾಗ ಫೈಲಿನ ತುದಿಯಲ್ಲಿರಬಹುದು. ಇನ್ನೊಂದು ಲಾಗ್ ಬ್ಯಾಕಪ್ ತೆಗೆದು ಮತ್ತೆ ಪ್ರಯತ್ನಿಸಿ. ಫೈಲುಗಳನ್ನು ತಾನಾಗಿ ಕುಗ್ಗಿಸುವ ‘ಆಟೋ ಶ್ರಿಂಕ್’ ಮಾತ್ರ ಸದಾ ಆಫ್ ಇರಲಿ.

5. ಬೆಳವಣಿಗೆಗೆ ಅಳತೆ
ಹಳೆಯ ಆವೃತ್ತಿಗಳಲ್ಲಿ ಲಾಗ್ ಪ್ರತಿ ಸಲ ಶೇ 10ರಷ್ಟು ಬೆಳೆಯುವಂತೆ ಹೊಂದಿಸಲಾಗಿತ್ತು. 60 ಜಿಬಿ ಫೈಲಿಗೆ ಅದು ಒಂದೇ ಏಟಿಗೆ 6 ಜಿಬಿ! 2016ರ ಆವೃತ್ತಿಯಿಂದ ಅದು 64 ಎಂಬಿ ಆಗಿದೆ. ಹಳೆಯದರಿಂದ ಸಾಗಿಸಿದ ಡೇಟಾಬೇಸ್ ಹಳೆಯ ಲೆಕ್ಕವನ್ನೇ ಹೊತ್ತು ತಂದಿರುತ್ತದೆ, ಎಂಬಿಗೆ ಬದಲಾಯಿಸಿ.

ಇನ್ನು ಲಾಗ್ ಬ್ಯಾಕಪ್ ಫೈಲುಗಳ ಸಂಗತಿ. ಅವನ್ನು ಅಳಿಸುವ ವ್ಯವಸ್ಥೆ ಮಾಡದಿದ್ದರೆ ಮುಂದೆ ತುಂಬುವುದು ಆ ಇನ್ನೊಂದು ಡಿಸ್ಕು. ಹೊಸ ಪೂರ್ತಿ ಬ್ಯಾಕಪ್ ಬೇರೆಡೆ ರಿಸ್ಟೋರ್ ಆಗುತ್ತದೆಂದು ಪರೀಕ್ಷಿಸಿದ ಮೇಲಷ್ಟೇ ಅದಕ್ಕಿಂತ ಹಿಂದಿನ ಲಾಗ್ ಬ್ಯಾಕಪ್‌ಗಳನ್ನು ಅಳಿಸಿ.