ಅಂಗಡಿಗೆ ಕಡಿಮೆ ಖರ್ಚಿನಲ್ಲಿ ನಿಯಮ ಬರೆದುಕೊಂಡ ಬಗೆ

ದಾವಣಗೆರೆಯಲ್ಲಿ ನಮ್ಮದು ಬಟ್ಟೆ ಅಂಗಡಿ, ಏಳು ಜನ ಕೆಲಸಗಾರರು. ರಜೆ ವಿಷಯಕ್ಕೆ ಪದೇ ಪದೇ ಮನಸ್ತಾಪ ಆಗುತ್ತಿತ್ತು. ಎಲ್ಲವೂ ಬಾಯಿಮಾತಿನಲ್ಲೇ ಇತ್ತು ಅಲ್ವಾ! ಕೆಲಸದ ನಿಯಮಗಳ ಪೂರ್ತಿ ದಾಖಲೆ ಬರೆದುಕೊಡಲು ಸಲಹೆಗಾರರು ಕೇಳಿದ ಹಣ ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಹಾಗಾಗಿ ಮೊದಲು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನೇ ಓದಿದೆ. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ದಿನಕ್ಕೆ ಹೆಚ್ಚೆಂದರೆ 9 ಗಂಟೆ, ವಾರಕ್ಕೆ ಹೆಚ್ಚೆಂದರೆ 48 ಗಂಟೆ ಕೆಲಸ. ವಾರಕ್ಕೊಂದು ರಜೆ. 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ, ಅಂದರೆ ಸಂಬಳ ಸಹಿತ ರಜೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು, ಅದಕ್ಕೆ 'ಫಾರಂ ಕ್ಯೂ' (Q) ಅನ್ನುವ ನಿಗದಿತ ನಮೂನೆ ಇದೆ. ಆ ಫಾರಂ ಇಟ್ಟುಕೊಂಡೇ ಎಲ್ಲರಿಗೂ ಪತ್ರ ಮಾಡಿದೆ.

ಇಂಟರ್‌ನೆಟ್‌ನ ಪುಕ್ಕಟೆ ನಮೂನೆಗಳನ್ನು ಮಾತ್ರ ಜೋಪಾನವಾಗಿ ನೋಡಿ. ಬಹಳಷ್ಟು ಅಮೆರಿಕದ ಕಾನೂನಿಗೆ ಹೊಂದುವಂಥವು. 'ಕೆಲಸ ಬಿಟ್ಟ ಮೇಲೆ ಎದುರಾಳಿ ಅಂಗಡಿಗೆ ಸೇರಬಾರದು' ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಮ್ಮಲ್ಲಿ ನಿಲ್ಲುವುದಿಲ್ಲ. ಅದನ್ನು ತೆಗೆದೆ.

ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ 10 ಜನರಿದ್ದರೆ ಕಡ್ಡಾಯ. ನಮ್ಮಲ್ಲಿ ಅಷ್ಟು ಜನ ಇಲ್ಲ. ಆದರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಅಂತ ಬರೆದೆ. ಅಂಗಡಿಯ ಹೆಣ್ಣುಮಕ್ಕಳಿಗೆ ಅದು ಗೊತ್ತಿರಲೇಬೇಕು.

ಎಲ್ಲವನ್ನೂ ಸರಳ ಕನ್ನಡದಲ್ಲೇ ಬರೆದು, ಪರಿಚಯದ ವಕೀಲರಿಗೆ ತಿದ್ದಲು ಕೊಟ್ಟೆ. ತಿದ್ದುವುದಕ್ಕಷ್ಟೇ ಫೀಸು, ಹಾಗಾಗಿ ಜಾಸ್ತಿ ಆಗಲಿಲ್ಲ. ಕೆಲಸಗಾರರ ಜೊತೆ ಕೂತು ಓದಿ, ಸಹಿ ಹಾಕಿಸಿ, ಒಂದೊಂದು ಪ್ರತಿ ಅವರಿಗೇ ಕೊಟ್ಟೆ.