ಬದುಕಿರುವ ಕೋಶ ಮಾತ್ರ ಸ್ಕ್ಯಾನ್‌ನಲ್ಲಿ ಕಾಣಬೇಕು: ಹೇಗೆ?

ಚಳ್ಳಕೆರೆ ಸೀಮೆಯ ಕುರಿ ಮಂದೆ ನೋಡಿದ್ದೀರಾ? ಯಾರ ಕುರಿ ಯಾವುದು ಅಂತ ತಿಳಿಯಲು ಬೆನ್ನಿಗೆ ಬಣ್ಣ ಬಳಿದಿರುತ್ತಾರೆ. ಗುರುತೇನೋ ಸಿಗುತ್ತದೆ. ಆದರೆ ಆ ಕುರಿ ಈದ ಮರಿಗೆ ಬಣ್ಣ ಬರುವುದಿಲ್ಲ. ಕುರಿ ಸತ್ತರೂ ಜಾಲಿ ಮುಳ್ಳಿಗೆ ಸಿಕ್ಕ ಉಣ್ಣೆಯಲ್ಲಿ ಬಣ್ಣ ಹಾಗೇ ಇರುತ್ತದೆ.

ಮೈಯೊಳಗೆ ಬಿಟ್ಟ ಜೀವಕೋಶಗಳನ್ನು ಹುಡುಕುವವರಿಗೂ ಇದೇ ತೊಡಕು. ಕ್ಯಾನ್ಸರ್ ವಿರುದ್ಧ ಹೋರಾಡಲಿ ಎಂದು ರೋಗಿಗೆ ಟಿ ಕೋಶ (ರೋಗದೊಡನೆ ಕಾದಾಡುವ ಒಂದು ಬಗೆಯ ಬಿಳಿ ರಕ್ತಕಣ) ಕೊಟ್ಟಿರುತ್ತಾರೆ. ಅವು ಗಡ್ಡೆ ಮುಟ್ಟಿದವಾ? ಬದುಕಿವೆಯಾ? ಕೋಶದೊಳಗೆ ಕಬ್ಬಿಣದ ಸಣ್ಣ ಕಣ ತುಂಬಿದರೆ ಎಂಆರ್‌ಐನಲ್ಲಿ ಕಾಣುತ್ತದೆ, ನಿಜ. ಆದರೆ ಕೋಶ ಒಡೆದು ಎರಡಾದಂತೆಲ್ಲ ಗುರುತು ಮಾಸುತ್ತದೆ. ಕೋಶ ಸತ್ತರೆ ಆ ಕಣವನ್ನು ಬೇರೆ ಕೋಶ ನುಂಗುತ್ತದೆ, ನಾವು ಅದನ್ನೇ ನಮ್ಮದು ಅಂದುಕೊಳ್ಳುತ್ತೇವೆ.

ಇದಕ್ಕೊಂದು ದಾರಿ ರಿಪೋರ್ಟರ್ ಜೀನ್. ಗುರುತನ್ನು ಕೋಶದ ಡಿಎನ್‌ಎಗೇ ಸೇರಿಸಿಬಿಡುವುದು. ಆಗ ಮರಿಕೋಶಕ್ಕೂ ಗುರುತು ಬರುತ್ತದೆ. ಸತ್ತ ಕೋಶದ ಗುರುತು ಅದರ ಜೊತೆಗೇ ಹೋಗುತ್ತದೆ.

ಮೊದಲ ಕೆಲಸ, ಜೀನ್ ಆರಿಸುವುದು. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಇಲಿಯ ಮೇಲಿನ ಪ್ರಯೋಗಕ್ಕೆ ಮಿಣುಕುಹುಳದ ಲೂಸಿಫರೇಸ್ ಜೀನ್ ಸಾಕು. ಲೂಸಿಫೆರಿನ್ ಎಂಬ ರಾಸಾಯನಿಕ ಚುಚ್ಚಿದರೆ ಕೋಶ ಮಿನುಗುತ್ತದೆ. ಅದಕ್ಕೆ ಆಮ್ಲಜನಕ, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎರಡೂ ಬೇಕು, ಹಾಗಾಗಿ ಜೀವವಿದ್ದರೆ ಮಾತ್ರ ಬೆಳಕು. ಆದರೆ ಮನುಷ್ಯರ ಮೈ ದಪ್ಪ. ಆಳದಲ್ಲಿ ಹುಟ್ಟಿದ ಆ ಬೆಳಕು ಹೊರಗೆ ಬರುವಷ್ಟರಲ್ಲಿ ಉಳಿಯುವುದೇ ಇಲ್ಲ.

ಮನುಷ್ಯರಿಗೆ ಮೈ ದಾಟಿ ಹೊರಬರುವ ಗಾಮಾ ಕಿರಣವೇ ಬೇಕು. ಥೈರಾಯ್ಡ್ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಗೊತ್ತು, ಚುಚ್ಚಿದ ಟೆಕ್ನೀಷಿಯಂ ಎಂಬ, ಗಾಮಾ ಕಿರಣ ಸೂಸುವ ವಸ್ತು ಕುತ್ತಿಗೆಯ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಒಳಗೆಳೆಯುವುದು ಎನ್‌ಐಎಸ್ ಎಂಬ ಪ್ರೋಟೀನು. ವಿಜ್ಞಾನಿಗಳಿಗೆ ಅದರ ಜೀನ್ ಕೈಗೆ ಸಿಕ್ಕಿದ್ದು 1996ರಲ್ಲಿ. ಅದೇ ಜೀನನ್ನು ಟಿ ಕೋಶಕ್ಕೆ ಹಾಕಿದರೆ ಅದೂ ಥೈರಾಯ್ಡಿನಂತೆ ಟೆಕ್ನೀಷಿಯಂ ಎಳೆದುಕೊಳ್ಳುತ್ತದೆ! ನನಗೆ ತುಂಬ ಹಿಡಿಸಿದ್ದು ಇದೇ. ನಮ್ಮದೇ ಜೀನ್ ಆದ್ದರಿಂದ ದೇಹ ಅದನ್ನು ಪರಕೀಯ ಎಂದು ಎದುರಿಸುವ ಭಯ ಕಡಿಮೆ. ಒಂದು ಎಚ್ಚರ ಬೇಕು: ಜಠರ, ಜೊಲ್ಲುಗ್ರಂಥಿಗಳಲ್ಲೂ ಎನ್‌ಐಎಸ್ ಇದೆ. ಆ ಜಾಗದ ಗಡ್ಡೆ ನೋಡಲು ಇದು ಬೇಡ.

ಆಮೇಲೆ ಜೀನಿನ ಮುಂದೆ ಪ್ರೊಮೋಟರ್ ಜೋಡಿಸಬೇಕು. ಅದು ಸ್ವಿಚ್ಚಿನ ಹಾಗೆ. ಸದಾ ಆನ್ ಇರುವುದನ್ನೂ ಹಾಕಬಹುದು, ಕೋಶ ಚುರುಕಾದಾಗ ಮಾತ್ರ ಆನ್ ಆಗುವುದನ್ನೂ ಹಾಕಬಹುದು. ಇದನ್ನು ಕೋಶದೊಳಗೆ ಸಾಗಿಸಲು ರೋಗ ತರುವ ಶಕ್ತಿ ತೆಗೆದ ಲೆಂಟಿವೈರಸ್ ಬಳಸುತ್ತಾರೆ. ಜೀನ್ ಡಿಎನ್‌ಎಯಲ್ಲಿ ಎಲ್ಲೋ ಹೋಗಿ ಕೂತು ಒಳ್ಳೆಯ ಜೀನನ್ನು ಕೆಡಿಸಲೂಬಹುದು. ಅದಕ್ಕೇ ಮೈಗೆ ಬಿಡುವ ಮೊದಲು ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಪರೀಕ್ಷಿಸಲೇಬೇಕು.

ಕೊನೆಗೆ ಕೋಶ ಕೊಟ್ಟು, ವಿಕಿರಣದ ಔಷಧಿ ಚುಚ್ಚಿ, ಸ್ಕ್ಯಾನ್. ವಾರ ಬಿಟ್ಟು ಮತ್ತೆ ಮಾಡಬಹುದು. ಚುಕ್ಕೆ ದೊಡ್ಡದಾದರೆ ಕೋಶ ಬೆಳೆದಿವೆ. ಮಾಯವಾದರೆ ಸತ್ತಿರಬಹುದು, ಜೀನ್ ಆಫ್ ಆಗಿರಲೂಬಹುದು.

ಇದು ಇನ್ನೂ ಬಹುಪಾಲು ಪ್ರಯೋಗದ ಹಂತದಲ್ಲೇ ಇದೆ. ಆದರೂ ತುಟಿಗೆ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್ಸಿನ ಒಂದು ಜೀನ್ ಬಳಸಿ, ಮೆದುಳು ಗಡ್ಡೆಯ ರೋಗಿಯೊಬ್ಬರಿಗೆ ಕೊಟ್ಟ ಟಿ ಕೋಶಗಳನ್ನು ಪೆಟ್ ಎಂಬ ವಿಕಿರಣ ಹಿಡಿಯುವ ಸ್ಕ್ಯಾನ್‌ನಲ್ಲಿ ಕಂಡದ್ದು 2009ರಲ್ಲೇ ವರದಿಯಾಗಿದೆ.